ಬದನಗುಪ್ಪೆಯಲ್ಲಿ ಸತ್ತ ಎಪ್ಪತ್ತೊಂದು ಚಿಪ್ಪುಗಳು

ಮೂರು ವರ್ಷದ ಹಿಂದಿನ ಮಾತು. ಆಯುಧಪೂಜೆಗೆ ಇನ್ನೂ ಹತ್ತು ದಿನವಿದ್ದ ಒಂದು ಶುಕ್ರವಾರ. ನಾನು ಆಗ ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ನನ್ನ ಅಣ್ಣ ಸಿದ್ದರಾಜು ಅಲ್ಲೇ ಟ್ಯಾಂಕ್ ಅಟೆಂಡರ್. ಅವನ ಊರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು, ನನ್ನ ತವರು. ಅಲ್ಲಿಂದ ದಿನಾ ಓಡಾಡುವುದು ದೂರವೆಂದು ಸೋಮವಾರದಿಂದ ಶನಿವಾರದವರೆಗೆ ಉಡಿಗಾಲದ ನಮ್ಮ ಮನೆಯಲ್ಲೇ ಇರುತ್ತಿದ್ದ. ಬೆಳಿಗ್ಗೆ ಇಬ್ಬರೂ ಅವನ ಟಿವಿಎಸ್ ಗಾಡಿಯಲ್ಲಿ ಹೋಗುತ್ತಿದ್ದೆವು.

ಆ ಶುಕ್ರವಾರ ಗೇಟಿನಲ್ಲಿ ಮೊಬೈಲ್ ಕೊಟ್ಟು, ಬೂಟು ಬದಲಾಯಿಸಿ, ಕೈ ತೊಳೆದು ಒಳಗೆ ಹೋದೆವು. ಫೋನು ಒಳಗೆ ಒಯ್ಯುವಂತಿರಲಿಲ್ಲ, ಅದು ಕಂಪನಿಯ ನಿಯಮ. ಅಣ್ಣ ಮೊದಲನೆಯ ಟ್ಯಾಂಕಿನ ಮೇಲೆ ಬಗ್ಗಿ ಅಂಗೈ ಅಡ್ಡ ಹಿಡಿದ. ನೀರಿನಲ್ಲಿ ನೆರಳು ಬಿತ್ತು. ಚಿಪ್ಪಿನ ಬಾಯಲ್ಲಿ ಅಗಲವಾಗಿ ಅರಳಿಕೊಂಡಿದ್ದ ನೀಲಿ ಹಸಿರು ಮಾಂಸದ ಅಂಚು ಸರಕ್ಕನೆ ಒಳಸರಿಯಿತು. ಅಣ್ಣ ಎಣಿಸಿದ. ಹನ್ನೆರಡಕ್ಕೆ ಅದು ಮತ್ತೆ ಅರಳಿತು.

"ನೋಡಮ್ಮಿ, ನಿನಗಿಂತ ಬೇಗ ಮುನಿಸು ಬುಡ್ತದೆ ಇದು" ಅಂದ.

"ನಿನ್ ಮಕ ನೋಡಿ ಮುಚ್ಕತದೆ, ನಾನಾದ್ರೆ ತಗೆಯದೇ ಇಲ್ಲ" ಅಂದೆ.

ಅವನು ನಕ್ಕು ಪುಸ್ತಕದಲ್ಲಿ ಹನ್ನೆರಡು ಎಂದು ಬರೆದುಕೊಂಡ. ಅದು ನಮ್ಮ ಕೊನೆಯ ಸಾಮಾನ್ಯ ದಿನ. ಮಾರನೆಯ ದಿನದಿಂದ ನಡೆದದ್ದನ್ನು ಈಗ ಬರೆಯುತ್ತಿರುವುದಕ್ಕೆ ಒಂದೇ ಕಾರಣ. ಆ ಘಟಕದಲ್ಲಿ ಚಿಪ್ಪುಗಳು ಸತ್ತದ್ದು ನನ್ನ ಅಣ್ಣನ ತಪ್ಪಿನಿಂದ ಎಂದು ಕಂಪನಿಯ ವರದಿಯಲ್ಲಿ ಬರೆದಿದೆ. ಅದು ಸುಳ್ಳು. ಅಣ್ಣ ಈಗಿಲ್ಲ.

ಸಮುದ್ರವೇ ಇಲ್ಲದ ಚಾಮರಾಜನಗರದಲ್ಲಿ ಸಮುದ್ರದ ಚಿಪ್ಪು ಯಾಕೆ ಸಾಕಿದರು ಎಂದು ಎಲ್ಲರೂ ಕೇಳುತ್ತಾರೆ. ನಾವು ಸಾಕುತ್ತಿದ್ದದ್ದು ಜೈಂಟ್ ಕ್ಲಾಮ್ ಎಂಬ ಜೀವಿ. ನಮ್ಮ ಕೆರೆಗಳಲ್ಲಿ ಸಿಗುವ ಕಪ್ಪೆಚಿಪ್ಪಿನ ದೂರದ ದೊಡ್ಡ ನೆಂಟ ಎನ್ನಬಹುದು. ಹವಳದ ದಿಬ್ಬಗಳ ನಡುವೆ ಬೆಳೆಯುತ್ತದೆ. ಮಾಂಸಕ್ಕೂ ಚಿಪ್ಪಿಗೂ ಕಿತ್ತು ಕಿತ್ತು ಈಗ ಅಳಿವಿನ ಅಂಚಿಗೆ ಬಂದಿದೆ, ಹುಲಿಯಂತೆ ಕಾನೂನಿನ ರಕ್ಷಣೆ ಇದಕ್ಕೂ ಇದೆ. ಸಮುದ್ರದ ನೀರು ಬಿಸಿಯಾದರೆ ಅದರಲ್ಲಿ ರೋಗ ಹರಡುತ್ತದೆ. ಅದಕ್ಕೇ ಒಂದಿಷ್ಟು ಚಿಪ್ಪುಗಳನ್ನು ಸಮುದ್ರದ ರೋಗ ತಲುಪದಷ್ಟು ದೂರದಲ್ಲಿ, ಉಪ್ಪು ಬೆರೆಸಿ ಮಾಡಿದ ನೀರಿನಲ್ಲಿ ಕಾಪಿಡಬೇಕು ಎಂಬುದು ಯೋಜನೆ. ಅನುಮತಿ ಸರ್ಕಾರದ್ದು, ನಡೆಸುವುದು ಖಾಸಗಿ ಕಂಪನಿ. ಊರಿನಲ್ಲಿ ನಗುತ್ತಿದ್ದರು. "ಏನ್ಲಾ ಸಿದ್ದ, ಬದನಗುಪ್ಪೆಗೆ ಸಮುದ್ರ ತಂದು ಮಡಗವ್ರಂತೆ, ಅಲೆ ಬತ್ತದಾ?" ಎಂದು ಕೇಳಿದವರಿಗೆ ಅಣ್ಣ, "ಪಂಪ್ ಆಕಿದ್ರೆ ಬತ್ತದೆ ಕಣ್ಲಾ" ಅನ್ನುತ್ತಿದ್ದ.

ಮೂರು ಟ್ಯಾಂಕುಗಳಲ್ಲಿ ಅರವತ್ತೆರಡು ಚಿಪ್ಪುಗಳಿದ್ದವು. ಬಂದಾಗ ಹೆಬ್ಬೆರಳಿನಷ್ಟಿದ್ದವು, ಆಗ ಅಂಗೈ ಅಗಲ ಆಗಿದ್ದವು. ನೀರು ಇಪ್ಪತ್ತಾರು ಡಿಗ್ರಿ ದಾಟದಂತೆ ತಂಪಾಗಿಸುವ ಚಿಲ್ಲರ್ ಯಂತ್ರವಿತ್ತು. ಮೂರೂ ಟ್ಯಾಂಕಿನ ನೀರು ಕೆಳಗಿನ ಒಂದೇ ಸಂಪು ತೊಟ್ಟಿಗೆ ಇಳಿದು, ಶೋಧಿಸಿ, ಮತ್ತೆ ಮೂರಕ್ಕೂ ಹೋಗುತ್ತಿತ್ತು. ಒಂದರಲ್ಲಿ ಕೆಟ್ಟದ್ದು ಸೇರಿದರೆ ಮೂರಕ್ಕೂ ಸೇರಿದ ಹಾಗೆ. ಇದನ್ನು ನಮಗೆ ಮೊದಲ ದಿನವೇ ಕಲಿಸಿದ್ದರು. ಹೊರಗಿಂದ ಬಂದ ಯಾವ ಚಿಪ್ಪನ್ನೂ ಮೂವತ್ತು ದಿನ ಬೇರೆ ಕೋಣೆಯಲ್ಲಿ, ಬೇರೆ ನೀರಿನಲ್ಲಿ ಇಟ್ಟು ನೋಡಬೇಕು ಎಂದೂ ಕಲಿಸಿದ್ದರು. ಅದಕ್ಕೆ ಕ್ವಾರಂಟೈನ್ ಎನ್ನುತ್ತಾರೆ. ಕಲಿಸಿದವರು ಘಟಕದ ಮ್ಯಾನೇಜರೇ.

ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಚಿಪ್ಪಿನ ಅಂಚಿನಲ್ಲಿ ಸಾಲಾಗಿ ಸಣ್ಣ ಕಣ್ಣುಗಳಿವೆ, ನೆರಳು ಬಿದ್ದರೆ ಅದು ಮುಚ್ಚಿಕೊಳ್ಳುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದನ್ನು ಹಿಡಿದುಕೊಂಡು ಅವನೇ ಒಂದು ಪದ್ಧತಿ ಮಾಡಿಕೊಂಡಿದ್ದ. ದಿನಾ ಬೆಳಿಗ್ಗೆ ಪ್ರತಿ ಚಿಪ್ಪಿಗೂ ನೆರಳು ಹಿಡಿದು, ಮತ್ತೆ ಅರಳಲು ಎಷ್ಟು ಎಣಿಕೆ ಆಯಿತೆಂದು ಉದ್ದನೆಯ ನೋಟ್ ಪುಸ್ತಕದಲ್ಲಿ ಗೆರೆ ಹಾಕಿ ಬರೆಯುತ್ತಿದ್ದ. ಅರಿಶಿನದ ಹೊಲದಲ್ಲಿ ಎಲೆಯ ತುದಿ ನೋಡಿ ಬುಡದ ಕೊಳೆ ಹೇಳುವವನು ಅವನು. ಚಿಪ್ಪಿಗೂ ಅಂಥದ್ದೊಂದು ತುದಿ ಹುಡುಕಿಕೊಂಡಿದ್ದ.

ಶನಿವಾರ ಬೆಳಿಗ್ಗೆ ಕರಾವಳಿಯ ಒಂದು ಮರಿ ಸಾಕಣೆ ಕೇಂದ್ರದಿಂದ ವ್ಯಾನು ಬಂತು. ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಹದಿನೆಂಟು ಹೊಸ ಚಿಪ್ಪುಗಳು. ಕ್ವಾರಂಟೈನ್ ಕೋಣೆಯ ಚಿಲ್ಲರ್ ಕೆಟ್ಟು ಎರಡು ತಿಂಗಳಾಗಿತ್ತು. ಹಬ್ಬ ಮುಗಿದ ಬುಧವಾರ ಯೋಜನೆಯ ದೊಡ್ಡವರು ನೋಡಲು ಬರುವವರಿದ್ದರು. ಮ್ಯಾನೇಜರ್ ಹೊಸ ಚಿಪ್ಪುಗಳನ್ನು ಒಂದನೇ ಟ್ಯಾಂಕಿಗೇ ಇಳಿಸಲು ಹೇಳಿದರು.

ಅಣ್ಣ ಪೆಟ್ಟಿಗೆ ಹಿಡಿದುಕೊಂಡೇ ನಿಂತ. "ಸಾರ್, ಕೊಂಡು ತಂದ ಬಿತ್ತನೆ ಅರಿಶಿನನ ಮನೆ ಬಿತ್ತನೆ ರಾಶಿಗೆ ಸುರಿಯಲ್ಲ ನಾವು. ಬ್ಯಾರೆ ನೆರಳಲ್ಲಿ ಮಡಗಿ, ಮೊಳಕೆ ನೋಡಿ, ಆಮೇಲೆ. ಒಂದು ಕೊಳ್ತಿದ್ರೆ ಎಲ್ಲಾನೂ ಓಯ್ತದೆ."

"ಸಿದ್ದರಾಜು, ಇದು ಅರಿಶಿನ ಅಲ್ಲ. ಅವರ ಹತ್ರ ಹೆಲ್ತ್ ಸರ್ಟಿಫಿಕೇಟ್ ಇದೆ" ಅಂದರು ಮ್ಯಾನೇಜರ್.

"ಕಾಗ್ದ ನೀರಿಗೆ ಇಳಿಯಲ್ಲ ಸಾರ್, ಚಿಪ್ಪು ಇಳೀತದೆ."

"ನಿನಗೆ ಸಂಬಳ ಇಳಿಸೋಕೆ ಕೊಡೋದು, ಸಲಹೆಗಲ್ಲ. ಇಳಿಸು."

ಇಳಿಸಿದ. ನಾನೂ ಪೆಟ್ಟಿಗೆ ಹಿಡಿದೆ. ನಾನು ಒಂದು ಮಾತೂ ಆಡಲಿಲ್ಲ. ನನ್ನ ಕೆಲಸ ಕಾಯಂ ಆಗುವುದು ಮುಂದಿನ ತಿಂಗಳು ಇತ್ತು.

ಮಂಗಳವಾರ, ಹಬ್ಬಕ್ಕೆ ಆರು ದಿನ ಮುಂಚೆ, ಹೊಸ ಚಿಪ್ಪುಗಳಲ್ಲಿ ಐದು ಅರಳಲು ನಲವತ್ತು ಎಣಿಕೆ ತೆಗೆದುಕೊಂಡವು. ಒಂದು ನೆರಳು ಹಿಡಿದರೂ ಮುಚ್ಚಲೇ ಇಲ್ಲ. ಬುಧವಾರ ನಮ್ಮ ಹಳೆಯವುಗಳಲ್ಲೂ ಮೂರು ನಿಧಾನವಾದವು. ಮಾಂಸದ ಅಂಚು ಚಿಪ್ಪಿನ ಬಾಯಿಂದ ಒಳಕ್ಕೆ ಸರಿದು, ಬಣ್ಣ ಮಾಸಿ ಬಿಳಿಚಿಕೊಳ್ಳುತ್ತಿತ್ತು. ಅಣ್ಣ ಪುಸ್ತಕ ಹಿಡಿದು ಮ್ಯಾನೇಜರ್ ಕೋಣೆಗೆ ಹೋದ. ಪ್ರಯಾಣದ ಆಯಾಸ, ಸರಿಹೋಗುತ್ತೆ ಎಂದು ಕಳಿಸಿದರಂತೆ. "ವ್ಯಾನಲ್ಲಿ ಬಂದವು ಅವು, ಸುಸ್ತಾದವು ನಮ್ಮವು. ಇದ್ಯಾವ ಆಯಾಸ ಕಣಮ್ಮಿ?" ಎಂದು ನನ್ನನ್ನು ಕೇಳಿದ.

ನಾನು ಗುರುವಾರ ಯಾರನ್ನೂ ಕೇಳದೆ ಒಂದನೇ ಟ್ಯಾಂಕಿನ ನೀರನ್ನೂ, ಒಂದು ಬಿಳಿಚಿದ ಚಿಪ್ಪಿನ ಅಂಚಿನಿಂದ ಹತ್ತಿಯಲ್ಲಿ ಒರೆಸಿದ್ದನ್ನೂ ಪ್ಲೇಟಿಗೆ ಹಾಕಿದೆ. ಪ್ಲೇಟು ಎಂದರೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಲೋಳೆ ತುಂಬಿದ ಗಾಜಿನ ತಟ್ಟೆ. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದರಲ್ಲಿ ಹಳದಿ ಇಲ್ಲವೆ ಹಸಿರು ಚುಕ್ಕೆಗಳು ಬೆಳೆಯುತ್ತವೆ. ಸಮುದ್ರದ ನೀರಿನಲ್ಲಿ ವಿಬ್ರಿಯೊ ಸ್ವಲ್ಪ ಇದ್ದೇ ಇರುತ್ತದೆ, ನಮ್ಮ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಏಳೆಂಟು ಚುಕ್ಕೆ ಕಾಣುತ್ತಿದ್ದವು. ಶುಕ್ರವಾರ ಬೆಳಿಗ್ಗೆ ತೆಗೆದು ನೋಡಿದರೆ ಎಣಿಸಲು ಜಾಗವಿರಲಿಲ್ಲ. ಇಡೀ ತಟ್ಟೆ ಹಳದಿ.

ಮ್ಯಾನೇಜರ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು. ಅದು ನನಗೆ ಈಗಲೂ ಖಚಿತ. "ಇದನ್ನು ಮಾಡು ಅಂತ ನಿಮಗೆ ಯಾರು ಹೇಳಿದ್ದು? ಬುಧವಾರ ಆದಮೇಲೆ ನೋಡೋಣ. ಆಟೋಕ್ಲೇವ್‌ಗೆ ಹಾಕಿ" ಅಂದರು. ಆಟೋಕ್ಲೇವ್ ಎಂದರೆ ಪ್ಲೇಟುಗಳನ್ನು ಹಬೆಯಲ್ಲಿ ಬೇಯಿಸಿ ನಾಶ ಮಾಡುವ ಪಾತ್ರೆ. ಆ ಪ್ಲೇಟುಗಳನ್ನು ಅದಕ್ಕೆ ಹಾಕಿದ್ದು ನಾನು. ಅದೇ ದಿನ ಹೊಸವನ್ನೆಲ್ಲ ತೆಗೆದು, ಮೂರು ಟ್ಯಾಂಕಿನ ನೀರು ಬೇರೆ ಮಾಡಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿದ್ದವು ಎಂದು ರೋಗ ಬಲ್ಲವರು ಆಮೇಲೆ ಹೇಳಿದರು.

ಸೋಮವಾರ ಆಯುಧಪೂಜೆ. ಬೆಳಿಗ್ಗೆ ಬಂದಾಗಲೇ ಒಂದನೇ ಟ್ಯಾಂಕಿನಲ್ಲಿ ಎರಡು ಚಿಪ್ಪು ಬಾಯಿ ತೆರೆದುಕೊಂಡು ಸತ್ತಿದ್ದವು. ಅಣ್ಣ ಅವನ್ನು ತೆಗೆದು ಪುಸ್ತಕದಲ್ಲಿ ಬರೆದ. ಆಮೇಲೆ ಪೂಜೆ. ನಮ್ಮ ಕಡೆ ಆ ದಿನ ನೇಗಿಲಿನಿಂದ ಹಿಡಿದು ಮಿಕ್ಸಿಯವರೆಗೆ ಏನನ್ನೂ ಬಿಡುವುದಿಲ್ಲ. ಪಂಪು, ಚಿಲ್ಲರ್, ಜನರೇಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಗೇಟಿನ ಮುಂದೆ ಬೂದುಗುಂಬಳ ಒಡೆದೆವು. ಕುಂಬಳ ಒಡೆದದ್ದು ಮ್ಯಾನೇಜರ್. ಕುಂಕುಮ ಇಡಿಸಿಕೊಂಡು, ಪುರಿ ಕಡಲೆ ತಿಂದು, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡರು. ಪೂಜೆ ಮುಗಿಯುವ ಹೊತ್ತಿಗೆ ನನಗೆ ಸತ್ತ ಎರಡು ಚಿಪ್ಪೇ ಕಣ್ಣಮುಂದೆ ಬಂತು. ಒಳಗೆ ಹೋಗಿ ಮೂರು ಟ್ಯಾಂಕಿನ ಹೊರಗೋಡೆಗೆ ಮೂರು ಬೆರಳಿನಲ್ಲಿ ಅರಿಶಿನ ಎಳೆದೆ, ನಡುವೆ ಕುಂಕುಮದ ಬೊಟ್ಟು ಇಟ್ಟೆ. ಒಳ್ಳೆಯದಾಗಲಿ ಎಂದು. ಹೊರಗೋಡೆಗೆ, ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ. ಒಂದು ಕಣವೂ ನೀರಿಗೆ ಬೀಳಲಿಲ್ಲ.

ಬುಧವಾರ ದೊಡ್ಡವರು ಬಂದು ಹೋದರು. ಅವರು ಬರುವ ಮುಂಚೆ ಮ್ಯಾನೇಜರ್ ಸತ್ತವನ್ನು ತೆಗೆಸಿದ್ದರು. ಅಲ್ಲಿಂದ ಒಂದು ವಾರದಲ್ಲಿ ಬಹುತೇಕ ಎಲ್ಲ ಹೋದವು. ದಿನಕ್ಕೆ ಆರು, ಒಂಬತ್ತು, ಹದಿನಾಲ್ಕು. ಅಣ್ಣ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತುತ್ತಿದ್ದ. ಒಳಗಿನ ಮಾಂಸ ಕರಗಿ ಸೋರುತ್ತಿತ್ತು, ಆ ವಾಸನೆ ಸೋಪಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದರೆ ಅನ್ನ ಕಲಸಲು ಕೈ ಹೋಗದೆ ಚಮಚದಲ್ಲಿ ತಿನ್ನುತ್ತಿದ್ದ. ಹೊಸ ಹದಿನೆಂಟೂ ಹೋದವು. ಹಳೆಯವುಗಳಲ್ಲಿ ಐವತ್ತಮೂರು ಹೋದವು. ಒಟ್ಟು ಎಪ್ಪತ್ತೊಂದು. ಒಂಬತ್ತು ಉಳಿದವು.

ವಿಚಾರಣೆ ನಡೆದದ್ದು ಮೂರು ವಾರದ ನಂತರ. ಅಷ್ಟರಲ್ಲಿ ಟ್ಯಾಂಕುಗಳನ್ನು ಕ್ಲೋರಿನ್ ಹಾಕಿ ತೊಳೆದಾಗಿತ್ತು. ಕಂಪನಿಯ ಇಬ್ಬರು, ಕರಾವಳಿಯಿಂದ ಕರೆಸಿದ ಒಬ್ಬ ರೋಗತಜ್ಞೆ. ನಾವು ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದೆವು. ಅವರ ಮೊದಲ ಪ್ರಶ್ನೆಯೇ ಹೊಸ ಚಿಪ್ಪುಗಳು ಬಂದಾಗ ಎಲ್ಲಿಟ್ಟಿರಿ ಎಂದು. ಮ್ಯಾನೇಜರ್ ಕಂಪ್ಯೂಟರ್ ಹಾಳೆ ತೋರಿಸಿದರು. ಅದರಲ್ಲಿ ಕ್ವಾರಂಟೈನ್ ಪೂರ್ಣ ಎಂದಿತ್ತು, ಬಂದು ಮೂವತ್ತು ದಿನವಾಗುವ ಮುಂಚೆಯೇ ಸತ್ತವಕ್ಕೆ. ಅಣ್ಣ ಎದ್ದು ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟ. "ಇದ್ರಲ್ಲಿ ಎಲ್ಲ ಅದೆ ಅಮ್ಮ. ಇಳಿಸಿದ ದಿನ, ನಿಧಾನ ಆದ ದಿನ, ಸತ್ತ ದಿನ."

ಕಂಪನಿಯವರೊಬ್ಬರು ಪುಸ್ತಕದತ್ತ ನೋಡಲೂ ಇಲ್ಲ. "ಅದು ಅಫಿಷಿಯಲ್ ದಾಖಲೆ ಅಲ್ಲ. ಟ್ಯಾಂಕಿನ ಗೋಡೆಗೆ ಅರಿಶಿನ ಕುಂಕುಮ ಯಾರು ಬಳಿದದ್ದು, ಅದನ್ನ ಹೇಳಿ."

ನಾನು ಬಾಯಿ ತೆರೆದೆ. ತೆರೆದೆ ಎಂದೇ ನೆನಪು. ಅಷ್ಟರಲ್ಲಿ ಅಣ್ಣ ಹೇಳಿಬಿಟ್ಟ.

"ನಾನೇ ಸಾರ್. ನಮ್ ಪದ್ಧತಿ. ಅವ್ಳಿಗೇನೂ ಗೊತ್ತಿಲ್ಲ."

ನನ್ನನ್ನು ಕೇಳಿದರು, "ಹೌದೇನಮ್ಮ?" ನಾನು ಹೂಂ ಅಂದೆ.

ಗಾಡಿಯಲ್ಲಿ ವಾಪಸ್ ಬರುವಾಗ ಅವನ ಬೆನ್ನಿಗೆ ಹಣೆ ಇಟ್ಟು ಅತ್ತೆ. "ಯಾಕಣ್ಣ ಅಂಗಂದೆ?" ಅಂದೆ. "ಗ್ವಾಡೆ ಮ್ಯಾಲಿನ ಅರಿಶಿನಕ್ಕೆ ಚಿಪ್ಪು ಸಾಯ್ತವೆ ಅಂದ್ರೆ ಯಾವನಾರ ನಂಬ್ತಾನಾ? ಪುಸ್ತಕ ನೋಡ್ತಾರೆ ಬುಡು. ನೀನು ಸುಮ್ನೆ ಇರು ಕಣಮ್ಮಿ, ಈ ತಿಂಗ್ಳು ನಿಂದು ಕಾಯಂ ಆಗ್ಬೇಕು" ಅಂದ. ಅವನು ಮಾಡಿದ ಒಂದೇ ತಪ್ಪು ಅದು. ಬರೆದಿಟ್ಟದ್ದನ್ನು ಓದುತ್ತಾರೆ ಎಂದು ನಂಬಿದ.

ವರದಿ ಬಂತು. ಏಳನೇ ಪುಟದಲ್ಲಿ, ಟ್ಯಾಂಕ್ ಅಟೆಂಡರ್ ಸಿದ್ದರಾಜು ಅವರು ಅನುಮತಿಯಿಲ್ಲದೆ ಮಾಡಿದ ಪೂಜಾಚರಣೆಯಿಂದ ಹೊರಗಿನ ಪದಾರ್ಥಗಳು ನೀರಿಗೆ ಸೇರಿ ಸಾವುಗಳಿಗೆ ಕಾರಣವಾಗಿರುವ ಸಂಭವ ಹೆಚ್ಚು ಎಂದಿತ್ತು. ಪೂಜೆಗೆ ಮುಂಚೆಯೇ ಸತ್ತ ಎರಡು ಚಿಪ್ಪಿನ ಮಾತಿಲ್ಲ. ಕುಂಬಳ ಒಡೆದವರ ಹೆಸರಿಲ್ಲ. ಕೆಟ್ಟ ಚಿಲ್ಲರ್ ಇಲ್ಲ. ನನ್ನ ಹಳದಿ ಪ್ಲೇಟು ಇಲ್ಲ. ಡಾಕ್ಟರಮ್ಮನ ಅಭಿಪ್ರಾಯವೂ ಇಲ್ಲ, ಅವರ ಸಹಿಯೂ ಇಲ್ಲ. ಅಣ್ಣನನ್ನು ಕೆಲಸದಿಂದ ತೆಗೆದರು. ನನ್ನನ್ನು ಕಾಯಂ ಮಾಡಿದರು. ಆ ಪತ್ರ ಕೈಗೆ ಬಂದ ದಿನದಿಂದ ನನಗೆ ನನ್ನ ಮೇಲೆ ಬಂದ ಸಿಟ್ಟು, ಅವರ ಮೇಲೆ ಇರುವುದಕ್ಕಿಂತ ಕಡಿಮೆಯೇನಲ್ಲ. ಎಂಟು ತಿಂಗಳು ಅಲ್ಲೇ ದುಡಿದೆ. ಆಮೇಲೆ ಬಿಟ್ಟೆ.

ಅಣ್ಣ ಭೀಮನಬೀಡಿಗೆ ಹೋಗಿ ಮತ್ತೆ ಅರಿಶಿನಕ್ಕೆ ಇಳಿದ. ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೆ ಸುದ್ದಿ ಗುಂಡ್ಲುಪೇಟೆಯ ತನಕ ಹೋಗಿತ್ತು. ಟೀ ಅಂಗಡಿಯಲ್ಲಿ ಕೂತರೆ ಯಾರಾದರೂ, "ಸಿದ್ದ, ನನ್ ಗಾಡಿಗೆ ಪೂಜೆ ಮಾಡ್ಬೇಡ ಕಣಪ್ಪ, ಸತ್ತುಗಿತ್ತೋದಾತು" ಅನ್ನುತ್ತಿದ್ದರಂತೆ. ಮೊದಮೊದಲು ತಾನೂ ನಗುತ್ತಿದ್ದ. ಆಮೇಲೆ ಟೀ ಅಂಗಡಿಗೇ ಹೋಗುವುದನ್ನು ಬಿಟ್ಟ ಎಂದು ಅತ್ತಿಗೆ ಹೇಳಿದಳು. ಮರುವರ್ಷ ಆಯುಧಪೂಜೆಗೆ ತನ್ನ ಟಿವಿಎಸ್‌ಗೆ ಅವನು ಅರಿಶಿನ ಹಚ್ಚಲಿಲ್ಲ. ಅತ್ತಿಗೆಯೇ ಹಚ್ಚಿದಳು.

ಅದಾಗಿ ನಾಲ್ಕು ತಿಂಗಳಿಗೆ ಒಂದು ಬೆಳಿಗ್ಗೆ ಹೊಲದಲ್ಲಿ ಅರಿಶಿನ ಕೀಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಗುಂಡ್ಲುಪೇಟೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಲವತ್ತೇಳು ವರ್ಷ. ವರದಿಯಿಂದ ಸತ್ತ ಎಂದು ನಾನು ಹೇಳುವುದಿಲ್ಲ. ಹೃದಯಾಘಾತ ಎಂದು ವೈದ್ಯರು ಬರೆದರು, ನಮ್ಮಪ್ಪನೂ ಹಾಗೇ ಹೋದದ್ದು. ಆದರೆ ಆ ವಾಕ್ಯವನ್ನು ಹೊತ್ತುಕೊಂಡೇ ಸತ್ತ. ಅದನ್ನು ಅವನ ಮೇಲೆ ಹೊರಿಸಿದವರು ಇನ್ನೊಂದು ಘಟಕದಲ್ಲಿ ಇನ್ನೂ ದೊಡ್ಡ ಮ್ಯಾನೇಜರ್ ಆಗಿದ್ದಾರೆ.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಉಡಿಗಾಲಕ್ಕೆ ಬಂದ ಮೇಲೆ ಡಾಕ್ಟರಮ್ಮನ ನಂಬರ್ ಹುಡುಕಿ ಫೋನ್ ಮಾಡಿದೆ. ಅಣ್ಣ ಹೋದ ಸುದ್ದಿ ಹೇಳಿದೆ.

"ಮಂಜುಳಾ, ನಿಮಗೆ ಒಂದು ವಿಷಯ ಗೊತ್ತುಂಟಾ? ಅದೇ ಮರಿ ಸಾಕಣೆ ಕೇಂದ್ರದಿಂದ ಅದೇ ವಾರ ಇನ್ನೊಂದು ಕಡೆಗೂ ಚಿಪ್ಪು ಹೋಗಿತ್ತು. ಅಲ್ಲಿಯೂ ಎಲ್ಲ ಸತ್ತವು. ನಾನೇ ಪರೀಕ್ಷೆ ಮಾಡಿದ್ದು, ವಿಬ್ರಿಯೊ. ಅಲ್ಲಿ ಯಾರೂ ಅರಿಶಿನ ಹಚ್ಚಿರಲಿಲ್ಲ ಮಾರಾಯ್ತಿ."

"ವರದಿಲಿ ಯಾಕೆ ಹಾಕ್ಲಿಲ್ಲ ಮೇಡಂ?"

"ನಾನು ಬರೆದು ಕೊಟ್ಟಿದ್ದೆ. ಅವರು ಸೇರಿಸಲಿಲ್ಲ, ನಾನು ಸಹಿ ಹಾಕಲಿಲ್ಲ. ಅಷ್ಟಕ್ಕೇ ಬಿಟ್ಟೆ. ಬಿಡಬಾರದಿತ್ತು."

ಅವರು ಈಗ ಅದನ್ನು ಲಿಖಿತವಾಗಿ ಕೊಟ್ಟಿದ್ದಾರೆ. ಅದರ ಜೊತೆಗೆ ನನ್ನ ಹೇಳಿಕೆಯನ್ನೂ ಸೇರಿಸಿ ಕಂಪನಿಗೂ, ಅನುಮತಿ ಕೊಟ್ಟ ಇಲಾಖೆಗೂ ಕಳಿಸಿದ್ದೇನೆ. ಗೋಡೆಗೆ ಅರಿಶಿನ ಹಚ್ಚಿದ್ದು ನಾನು, ನನ್ನ ಅಣ್ಣ ಅಲ್ಲ ಎಂದು ಬರೆದಿದ್ದೇನೆ. ಪ್ಲೇಟು ಬೇಯಿಸಿದ್ದೂ ನಾನೇ ಎಂದು ಬರೆದಿದ್ದೇನೆ. ನಾಲ್ಕು ಸಲ ಕಳಿಸಿದೆ. ಒಂದಕ್ಕೆ ಮಾತ್ರ ಉತ್ತರ ಬಂತು: ಕಡತ ಮುಕ್ತಾಯಗೊಂಡಿದೆ.

ಈಗ ನಾನು ಚಾಮರಾಜನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರಿಗೆ ಎರಡು ಮಾತು ಹೇಳುತ್ತೇನೆ. ಹೊರಗಿಂದ ಬಂದದ್ದು ಎಷ್ಟೇ ಚೆನ್ನಾಗಿ ಕಂಡರೂ, ಎಂಥ ಕಾಗದ ಹಿಡಿದು ಬಂದರೂ, ಕಾದು ನೋಡುವ ತನಕ ಒಳಗಿನದರ ಜೊತೆ ಬೆರೆಸಬೇಡಿ. ಕಣ್ಣಿಂದ ನೋಡಿದ್ದನ್ನು ಎರಡು ಪ್ರತಿ ಬರೆಯಿರಿ, ಒಂದನ್ನು ಯಾರಿಗೂ ಕೊಡಬೇಡಿ. ಮೂರನೆಯದೂ ಒಂದಿದೆ, ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೇಳಿದಾಗ ಹೂಂ ಅನ್ನುವ ಮುಂಚೆ ಯೋಚಿಸಿ ಎಂಬುದು.

ವರದಿಯ ಏಳನೇ ಪುಟ ಇವತ್ತಿಗೂ ಹಾಗೇ ಇದೆ. ಅಣ್ಣನ ಹೆಸರು ಅದರಿಂದ ಹೋಗಿಲ್ಲ, ನನ್ನ ಹೆಸರು ಅದಕ್ಕೆ ಸೇರಿಲ್ಲ. ಮೇಜಿನ ಮೇಲೆ ಅವನಿಟ್ಟ ಪುಸ್ತಕವನ್ನು ಅವರು ವಾಪಸ್ ಕೊಟ್ಟಿಲ್ಲ.